36ಕ್ಕೆ ಮುಗೀತು ಅಂದರು, 40ಕ್ಕೆ ವಿಶ್ವಕಪ್ ಎತ್ತಿದರು: ಡಿನೊ ಝೋಫ್ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಸರ್, ನನಗೆ 36 ವರ್ಷ. ನಮ್ಮ ಬಡಾವಣೆಯ ಟೀಮಿಗೆ ಹದಿನೈದು ವರ್ಷದಿಂದ ನಾನೇ ಗೋಲ್‌ಕೀಪರ್. ಈ ಸಲ ಮೂರು ಮ್ಯಾಚಿನಲ್ಲಿ ದೂರದಿಂದ ಹೊಡೆದ ಚೆಂಡು ಒಳಗೆ ಹೋಯಿತು. ‘ವಯಸ್ಸಾಯ್ತು, ಹುಡುಗರಿಗೆ ಬಿಟ್ಟುಕೊಡು’ ಅಂತಿದ್ದಾರೆ. ಇಟಲಿಯ ಡಿನೊ ಝೋಫ್ 40ನೇ ವಯಸ್ಸಿನಲ್ಲಿ ವಿಶ್ವಕಪ್ ಗೆದ್ದರು ಅಂತ ಓದಿದೆ. ಅದರ ಹಿಂದಿನ ವಿಶ್ವಕಪ್‌ನಲ್ಲಿ ಅವರಿಗೂ ಹೀಗೇ ಆಗಿತ್ತಂತೆ, ನಿಜವಾ? ಆಮೇಲೆ ಅವರು ಏನು ಬದಲಾಯಿಸಿಕೊಂಡರು?

ಉತ್ತರ: ನಿಜ. ಅದೂ ಸರಿಯಾಗಿ ನಿಮ್ಮ ವಯಸ್ಸಿನಲ್ಲೇ. ಝೋಫ್ ಹುಟ್ಟಿದ್ದು 1942ರ ಫೆಬ್ರವರಿ 28ರಂದು. 1978ರಲ್ಲಿ ಅರ್ಜೆಂಟೀನಾದಲ್ಲಿ ವಿಶ್ವಕಪ್ ನಡೆದಾಗ ಅವರಿಗೆ 36 ತುಂಬಿತ್ತು. ನೀವು ಕೇಳಿದ್ದರಲ್ಲಿ ಎರಡನೇ ಮಾತೇ ನನಗೆ ಮುಖ್ಯ. ಅವರು ಏನು ಬದಲಾಯಿಸಿಕೊಂಡರು? ಗೋಲ್‌ಕೀಪರ್‌ಗಳಿಗೆ ತರಬೇತಿ ಕೊಡುವವನಾಗಿ ಅವರ ಹಳೇ ಮ್ಯಾಚುಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ನನಗೆ ಕಂಡಂತೆ, ದೊಡ್ಡದಾಗಿ ಏನನ್ನೂ ಬದಲಾಯಿಸಿಕೊಳ್ಳಲಿಲ್ಲ. ವಯಸ್ಸು ಕಿತ್ತುಕೊಳ್ಳುವಂಥದ್ದನ್ನು ಅವರು ಮೊದಲಿನಿಂದಲೂ ಜಾಸ್ತಿ ನೆಚ್ಚಿಕೊಂಡಿರಲಿಲ್ಲ. ಅದು ಹೇಗೆ ಅಂತ ಹೇಳುತ್ತೇನೆ.

ಮೊದಲು 1978ರಲ್ಲಿ ಏನಾಯಿತು ನೋಡೋಣ. ಜೂನ್ 21ರಂದು ಬ್ಯೂನಸ್ ಐರಿಸ್‌ನಲ್ಲಿ ಇಟಲಿಗೆ ನೆದರ್ಲೆಂಡ್ಸ್ ಎದುರಾಳಿ. ಗೆದ್ದರೆ ಫೈನಲ್. ಮೊದಲಾರ್ಧದಲ್ಲಿ ಡಚ್ ಡಿಫೆಂಡರ್ ಬ್ರಾಂಟ್ಸ್ ತನ್ನದೇ ಗೋಲಿಗೆ ಚೆಂಡು ಹಾಕಿದ. ಇಟಲಿ ಮುಂದೆ. ಆದರೆ ಎರಡನೇ ಅರ್ಧದಲ್ಲಿ ಅದೇ ಬ್ರಾಂಟ್ಸ್ ಪೆನಾಲ್ಟಿ ಬಾಕ್ಸಿನ ಹೊರಗಿನಿಂದ ಬೀಸಿ ಹೊಡೆದು ಸಮ ಮಾಡಿದ. ಆಮೇಲೆ ಡಚ್ ತಂಡದ ಆರಿ ಹಾನ್ 30 ಮೀಟರಿಗೂ ದೂರದಿಂದ ಹೊಡೆದ ಚೆಂಡು ಪೋಸ್ಟಿಗೆ ತಾಗಿ ಒಳಗೆ ಹೋಯಿತು. ಝೋಫ್ ಹಾರಿದರು, ಸಿಗಲಿಲ್ಲ. ಮೂರು ದಿನ ಬಿಟ್ಟು ಮೂರನೇ ಸ್ಥಾನಕ್ಕೆ ಬ್ರೆಜಿಲ್ ಜೊತೆ ಆಟ. ಅಲ್ಲಿ ನೆಲಿನ್ಯೊ ಬಲಗಡೆಯಿಂದ ಹೊಡೆದದ್ದು ಗಾಳಿಯಲ್ಲೇ ತಿರುಗಿ ಒಳಗೆ ಹೋಯಿತು. ದಿರ್ಸೆವು ಹೊಡೆದದ್ದೂ ದೂರದಿಂದಲೇ. ನಾಲ್ಕು ದಿನದ ಒಳಗೆ ನಾಲ್ಕು ಗೋಲು, ನಾಲ್ಕೂ ದೂರದವು.

ಇಟಲಿಯ ಪತ್ರಿಕೆಗಳು ಸುಮ್ಮನಿರುತ್ತವಾ? ವಯಸ್ಸಾಯ್ತು, ದೂರದ ಚೆಂಡು ಕಣ್ಣಿಗೆ ಕಾಣಲ್ಲ, ಬೇರೆಯವರನ್ನು ನಿಲ್ಲಿಸಿ ಅಂತ ಬರೆದವು. ನಿಮ್ಮ ಟೀಮಿನವರು ಹೇಳುತ್ತಿರುವ ಮಾತೇ, ಇಡೀ ದೇಶದ ಎದುರು ಅಷ್ಟೇ.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಮನುಷ್ಯ ‘ನೀನು ಬೇಡ’ ಅನ್ನುವ ಮಾತನ್ನು ಮೊದಲು ಕೇಳಿದ್ದು 1978ರಲ್ಲಲ್ಲ, 14ನೇ ವಯಸ್ಸಿನಲ್ಲಿ. ಈಶಾನ್ಯ ಇಟಲಿಯ ಫ್ರಿಯುಲಿ ಸೀಮೆಯಲ್ಲಿ ಮರಿಯಾನೊ ಅಂತ ಒಂದು ಹಳ್ಳಿ, ರೈತರ ಮನೆ. ಹುಡುಗ ಇಂಟರ್ ಮಿಲಾನ್ ಕ್ಲಬ್ಬಿಗೆ ಹೋಗಿ ಪರೀಕ್ಷೆ ಕೊಟ್ಟ, ಯುವೆಂಟಸ್‌ಗೂ ಕೊಟ್ಟ. ಎರಡು ಕಡೆಯೂ ಕುಳ್ಳ ಅಂತ ವಾಪಸ್ ಕಳಿಸಿದರು. ಮನೆಯಲ್ಲಿ ಅಜ್ಜಿ ಅಡೆಲೈಡೆ ಒಂದು ದಾರಿ ಹುಡುಕಿದರು: ದಿನಕ್ಕೆ ಎಂಟು ಮೊಟ್ಟೆ. ಮೊಟ್ಟೆಯಿಂದಲೋ ವಯಸ್ಸಿನಿಂದಲೋ, ಐದು ವರ್ಷದಲ್ಲಿ ಹುಡುಗ 33 ಸೆಂಟಿಮೀಟರ್ ಬೆಳೆದ. ಆ ನಡುವೆ ಮೋಟಾರ್ ಮೆಕ್ಯಾನಿಕ್ ಕೆಲಸವನ್ನೂ ಕಲಿತ. ಮುಂದೆ ಆತನನ್ನು ಗೋಲ್‌ಕೀಪರ್ ಆಗಿ ತೆಗೆದುಕೊಂಡದ್ದು ಹತ್ತಿರದ ಊರಿನ ಉದಿನೇಸೆ ಕ್ಲಬ್.

ಅವರ ತಂದೆಯ ಬಗ್ಗೆ ಝೋಫ್ ಹೇಳಿಕೊಂಡಿರುವ ಒಂದು ಪ್ರಸಂಗವಿದೆ. ನಾನು ಅದನ್ನು ನನ್ನ ಹುಡುಗರಿಗೆಲ್ಲ ಹೇಳುತ್ತೇನೆ. ಒಂದು ಗೋಲು ಬಿಟ್ಟದ್ದು ಯಾಕೆ ಅಂತ ತಂದೆ ಕೇಳಿದರಂತೆ. ಅವನು ಅಲ್ಲಿಂದ ಹೊಡೀತಾನೆ ಅಂತ ಅಂದುಕೊಂಡಿರಲಿಲ್ಲ ಅಂದ ಮಗ. ಹಾಗಾದರೆ ನಿನ್ನ ಕೆಲಸ ಏನು, ಔಷಧಿ ಅಂಗಡೀಲಿ ಕೂತಿದ್ದೀಯಾ, ಅಂತ ತಂದೆ ಕೇಳಿದರಂತೆ. ಅಷ್ಟೇ. ಚೆಂಡು ಎಲ್ಲಿಂದ ಬೇಕಾದರೂ ಬರಬಹುದು ಅಂತ ಕಾಯುವುದೇ ಗೋಲ್‌ಕೀಪರ್ ಕೆಲಸ. ಅಂದುಕೊಂಡಿರಲಿಲ್ಲ ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ.

1961ರ ಸೆಪ್ಟೆಂಬರ್‌ನಲ್ಲಿ ಮೊದಲ ಲೀಗ್ ಮ್ಯಾಚ್, ಫಿಯೊರೆಂಟೀನಾ ವಿರುದ್ಧ. ಐದು ಗೋಲು ಬಿತ್ತು. ಆ ಕಾಲದಲ್ಲಿ ಸಿನಿಮಾ ಶುರುವಾಗುವ ಮುಂಚೆ ನ್ಯೂಸ್‌ರೀಲ್ ತೋರಿಸುತ್ತಿದ್ದರು. ಕೆಲವು ದಿನ ಬಿಟ್ಟು ಥಿಯೇಟರಿನಲ್ಲಿ ಕೂತಾಗ ಪರದೆ ಮೇಲೆ ಆ ಐದು ಗೋಲೂ ಬಂದವಂತೆ. 19 ವರ್ಷದ ಹುಡುಗ ಯಾರಿಗೂ ಕಾಣದ ಹಾಗೆ ಸೀಟಿನಲ್ಲಿ ಕುಗ್ಗಿ ಕೂತನಂತೆ. ಗೋಲು ಬಿಟ್ಟವರಿಗೆಲ್ಲ ಈ ಕುಗ್ಗುವಿಕೆ ಗೊತ್ತು. ನಿಮಗೂ ಗೊತ್ತಿರಬೇಕು.

ಆಮೇಲೆ ಮಾಂಟೊವಾ ಅನ್ನುವ ಸಣ್ಣ ಕ್ಲಬ್ಬಿನಲ್ಲಿ ನಾಲ್ಕು ವರ್ಷ. ಅಲ್ಲಿನ ಒಂದು ಮ್ಯಾಚ್ ಹೇಳಲೇಬೇಕು. 1967ರ ಜೂನ್ 1, ಲೀಗಿನ ಕೊನೇ ದಿನ. ಇಂಟರ್ ಗೆದ್ದರೆ ಚಾಂಪಿಯನ್. ಇಂಟರ್ ಗೋಲಿನಲ್ಲಿ ಜುಲಿಯಾನೊ ಸಾರ್ತಿ, ಯುರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿಯಾದ ಯುರೋಪಿಯನ್ ಕಪ್ಪನ್ನು ಎರಡು ಸಲ ಗೆದ್ದವರು. ಮಾಂಟೊವಾದ ಡಿ ಜಾಕೊಮೊ ಹೊಡೆದ ಸಾಧಾರಣ ಚೆಂಡು ಸಾರ್ತಿ ಕೈಯಿಂದ ಜಾರಿ ಒಳಗೆ ಹೋಯಿತು. ಇಂಟರ್ ಸೋತಿತು, ಪ್ರಶಸ್ತಿ ಯುವೆಂಟಸ್‌ಗೆ ಹೋಯಿತು. ಸಾರ್ತಿ ಅಂದರೆ ಅಷ್ಟು ದೊಡ್ಡ ಸಾಧನೆಯನ್ನು ಬಿಟ್ಟು ಜನ ಆ ಒಂದು ಗೋಲನ್ನೇ ನೆನೆಯುವ ಹಾಗಾಯಿತು. ಆವತ್ತು ಎದುರುಗಡೆಯ ಗೋಲಿನಲ್ಲಿ ನಿಂತಿದ್ದ 25 ವರ್ಷದ ಕೀಪರ್ ನಮ್ಮ ಝೋಫ್.

ಅದೇ ವರ್ಷ ನಾಪೊಲಿಗೆ ಹೋದರು. 1968ರಲ್ಲಿ ಇಟಲಿ ತಂಡಕ್ಕೆ ಬಂದರು, ಆ ವರ್ಷವೇ ಯುರೋಪಿಯನ್ ಚಾಂಪಿಯನ್‌ಶಿಪ್ ಗೆದ್ದರು. ಇಷ್ಟಾದ ಮೇಲೆ ಜಾಗ ಗಟ್ಟಿ ಅಂದುಕೊಳ್ಳುತ್ತೀರಿ ಅಲ್ವಾ? 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಕೋಚ್ ಆಯ್ಕೆ ಮಾಡಿದ್ದು ಆಲ್ಬೆರ್ತೊಸಿಯನ್ನು. ಝೋಫ್ ಇಡೀ ಟೂರ್ನಿ ಬೆಂಚಿನ ಮೇಲೆ, ಒಂದು ನಿಮಿಷವೂ ಆಡಲಿಲ್ಲ. ಆಗ ಅವರಿಗೆ 28. ಆಟದ ಒಳ್ಳೇ ವರ್ಷಗಳು ಬೆಂಚಿನ ಮೇಲೇ ಕಳೆದುಹೋಗುತ್ತಿವೆ ಅಂತ ಬೇರೆಯವರಾಗಿದ್ದರೆ ಕಿರುಚಾಡುತ್ತಿದ್ದರು. ಇವರು ಮನೆಗೆ ಹೋಗಿ ಮತ್ತೆ ಅಭ್ಯಾಸಕ್ಕೆ ಇಳಿದರು.

1972ರಲ್ಲಿ, 30 ತುಂಬಿದ ಮೇಲೆ, ಯುವೆಂಟಸ್ ಕರೆಯಿತು. ಹುಡುಗನಾಗಿದ್ದಾಗ ಕುಳ್ಳ ಅಂತ ಕಳಿಸಿದ್ದ ಅದೇ ಕ್ಲಬ್. ಅಲ್ಲಿ 11 ವರ್ಷ ಆಡಿದರು, 6 ಲೀಗ್ ಪ್ರಶಸ್ತಿ ಗೆದ್ದರು. ಇದಕ್ಕಿಂತ ನನಗೆ ಅಚ್ಚರಿ ಅನ್ನಿಸುವುದು ಇನ್ನೊಂದು ಲೆಕ್ಕ. ಆ 11 ವರ್ಷಗಳಲ್ಲಿ ಯುವೆಂಟಸ್ ಆಡಿದ 330 ಲೀಗ್ ಮ್ಯಾಚುಗಳಲ್ಲಿ 330ಕ್ಕೂ ಗೋಲಿನಲ್ಲಿ ನಿಂತದ್ದು ಝೋಫ್. ಒಂದೂ ತಪ್ಪಲಿಲ್ಲ. ಜ್ವರ, ಉಳುಕು, ಬೆರಳು ನೋವು ಯಾವುದಕ್ಕೂ ಒಂದು ಭಾನುವಾರವೂ ರಜೆ ಇಲ್ಲ. 30ರಿಂದ 41ರವರೆಗೆ!

ಇಟಲಿ ತಂಡದಲ್ಲೂ ಅದೇ ಕಾಲಕ್ಕೆ ಒಂದು ದಾಖಲೆ ಆಯಿತು. 1972ರ ಸೆಪ್ಟೆಂಬರ್‌ನಿಂದ 1974ರ ಜೂನ್‌ವರೆಗೆ 1142 ನಿಮಿಷ ಅವರಿಗೆ ಯಾರೂ ಗೋಲು ಹಾಕಲಿಲ್ಲ. ಬ್ರೆಜಿಲ್‌ಗೆ ಆಗಲಿಲ್ಲ, ವೆಂಬ್ಲಿಯಲ್ಲಿ ಇಂಗ್ಲೆಂಡಿಗೂ ಆಗಲಿಲ್ಲ. ಕೊನೆಗೆ ಅದನ್ನು ಮುರಿದದ್ದು ಯಾರು ಗೊತ್ತಾ? ವಿಶ್ವಕಪ್‌ಗೆ ಮೊದಲ ಸಲ ಬಂದಿದ್ದ ಪುಟ್ಟ ಹೈಟಿ ದೇಶದ ಇಮಾನ್ಯುಯಲ್ ಸಾನನ್. ಒಂಟಿಯಾಗಿ ಓಡಿಬಂದು ಝೋಫ್ ಅವರನ್ನೇ ಸುತ್ತಿಹೋಗಿ ಗೋಲು ಹಾಕಿದ.

ಇಷ್ಟೆಲ್ಲ ಹೇಳಿದ್ದು ಅವರ ಆಟದ ರೀತಿಗೆ ಬರುವುದಕ್ಕೆ. ಝೋಫ್ ಆಟ ನೋಡಿದರೆ ಮೊದಲ ಸಲ ಬೇಜಾರಾಗುತ್ತದೆ. ಹಾರಾಟ ಕಡಿಮೆ. ಚೆಂಡು ಬರುವಾಗ ಈ ಮನುಷ್ಯ ಆಗಲೇ ಅಲ್ಲಿ ನಿಂತಿರುತ್ತಾರೆ. ಮುಷ್ಟಿ ಹಿಡಿದು ಗುದ್ದುವುದಕ್ಕಿಂತ ಎರಡೂ ಕೈಯಲ್ಲಿ ಹಿಡಿಯುವುದೇ ಅವರಿಗೆ ಇಷ್ಟ. ಹಿಡಿದ ಮೇಲೆ ಎದೆಗೆ ಒತ್ತಿಕೊಂಡು ಸುಮ್ಮನೆ ಎದ್ದು ನಿಲ್ಲುತ್ತಾರೆ. ಮುಖದಲ್ಲಿ ಏನೂ ಇಲ್ಲ. ಎರಡು ಹೆಜ್ಜೆ ಸರಿದು ಹಿಡಿಯಬಹುದಾದ ಚೆಂಡಿಗೆ ಹಾರುವುದು ಅಂದರೆ ಎರಡು ಹೆಜ್ಜೆ ತಡವಾಯಿತು ಅಂತ ಅರ್ಥ. ನನ್ನ ಹತ್ತಿರ ಬರುವ ಹುಡುಗರಿಗೆ ಇದನ್ನು ನಂಬಿಸುವುದೇ ಕಷ್ಟ. ಎಲ್ಲರಿಗೂ ಫೋಟೋದಲ್ಲಿ ಗಾಳಿಯಲ್ಲಿ ತೇಲಬೇಕು.

ವಯಸ್ಸು ಏನನ್ನು ಕಿತ್ತುಕೊಳ್ಳುತ್ತದೆ? ನೆಲದಿಂದ ಚಿಮ್ಮುವ ಶಕ್ತಿಯನ್ನು. ಬಿದ್ದು ಎದ್ದು ಮತ್ತೆ ಹಾರುವ ವೇಗವನ್ನು. ಎಲ್ಲಿ ನಿಲ್ಲಬೇಕು ಅನ್ನುವ ಲೆಕ್ಕವನ್ನು ಅದು ಮುಟ್ಟುವುದಿಲ್ಲ, ಚೆಂಡು ಹಿಡಿಯುವ ಕೈಯನ್ನೂ ಬೇಗ ಮುಟ್ಟುವುದಿಲ್ಲ. ಝೋಫ್ ದುಡಿಮೆಯೆಲ್ಲ ಈ ಎರಡರ ಮೇಲೆ ನಿಂತಿತ್ತು. ಹಾಗಾಗಿ 36ರಲ್ಲಿ ಅವರಿಗೆ ಹೊಸದಾಗಿ ಕಲಿಯುವುದು ಜಾಸ್ತಿ ಇರಲಿಲ್ಲ, ಬೈಗುಳ ಕೇಳಿಸಿಕೊಂಡು ಅದನ್ನೇ ಮಾಡುತ್ತಾ ಹೋಗುವುದಿತ್ತು. ಇಟಲಿ ಕೋಚ್ ಎನ್ಜೊ ಬೆಯಾರ್ಜೋಟ್ ಅವರನ್ನು ಕೈಬಿಡಲಿಲ್ಲ. ಅವರೂ ಫ್ರಿಯುಲಿಯವರೇ. 1980ರ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಗುಂಪಿನ ಮೂರು ಮ್ಯಾಚ್ ಸೇರಿ ಝೋಫ್‌ಗೆ ಒಂದೂ ಗೋಲು ಬೀಳಲಿಲ್ಲ. ಆಗ ಅವರಿಗೆ 38. ನಿಜ ಹೇಳಬೇಕೆಂದರೆ, ಅದೇ ಟೂರ್ನಿಯಲ್ಲಿ ಮೂರನೇ ಸ್ಥಾನದ ಮ್ಯಾಚ್ ಪೆನಾಲ್ಟಿಗೆ ಹೋದಾಗ ಚೆಕೊಸ್ಲೊವಾಕಿಯಾದ ಒಂಬತ್ತರಲ್ಲಿ ಒಂದನ್ನೂ ತಡೆಯಲಾಗಲಿಲ್ಲ.

ಈಗ 1982, ಸ್ಪೇನ್. ಇಟಲಿ ಶುರು ಮಾಡಿದ್ದು ಕೆಟ್ಟದಾಗಿ. ಪೋಲೆಂಡ್, ಪೆರು, ಕ್ಯಾಮರೂನ್ ಮೂರರ ಜೊತೆಗೂ ಡ್ರಾ. ಕ್ಯಾಮರೂನ್‌ಗಿಂತ ಒಂದು ಗೋಲು ಜಾಸ್ತಿ ಹಾಕಿದ್ದಕ್ಕೆ ಮಾತ್ರ ಮುಂದಿನ ಸುತ್ತು ಸಿಕ್ಕಿತು. ಪತ್ರಿಕೆಗಳು ಎಷ್ಟು ಬೈದವೆಂದರೆ ಆಟಗಾರರು ಇನ್ನು ಪತ್ರಕರ್ತರ ಜೊತೆ ಮಾತಿಲ್ಲ ಅಂತ ತೀರ್ಮಾನ ಮಾಡಿದರು. ತಂಡದ ಪರವಾಗಿ ಮಾತಾಡಲು ಕ್ಯಾಪ್ಟನ್ ಒಬ್ಬರೇ. ಕ್ಯಾಪ್ಟನ್ ಝೋಫ್. ಇಡೀ ತಂಡದಲ್ಲಿ ಅತಿ ಕಡಿಮೆ ಮಾತಾಡುವವರು!

ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿದರು. ಜುಲೈ 5, ಬಾರ್ಸಿಲೋನಾದ ಸಾರಿಯಾ ಮೈದಾನದಲ್ಲಿ ಬ್ರೆಜಿಲ್. ಬ್ರೆಜಿಲ್‌ಗೆ ಡ್ರಾ ಆದರೂ ಸಾಕು, ಇಟಲಿ ಗೆಲ್ಲಲೇಬೇಕು. ಇಟಲಿಯ ರೊಸ್ಸಿ ಹೊಡೆದ ಮೂರು ಗೋಲಿನ ಕಥೆ ಎಲ್ಲರಿಗೂ ಗೊತ್ತು. ಝೋಫ್ ಆವತ್ತು ತಪ್ಪೇ ಮಾಡಲಿಲ್ಲ ಅಂತ ನಾನು ಹೇಳುವುದಿಲ್ಲ. ಬ್ರೆಜಿಲ್‌ನ ಸಾಕ್ರಟೀಸ್ ಹೊಡೆದ ಮೊದಲ ಗೋಲು ನಿಯರ್ ಪೋಸ್ಟಿಗೂ (ಹೊಡೆಯುವವನಿಗೆ ಹತ್ತಿರದ ಕಂಬ) ಝೋಫ್‌ಗೂ ನಡುವಿನ ಸಂದಿಯಲ್ಲಿ, ಗೋಲ್ ಲೈನಿನ ಸುಣ್ಣ ಎಬ್ಬಿಸಿಕೊಂಡು ಹೋಯಿತು. ಕೀಪರ್ ಆದವನು ನಿಯರ್ ಪೋಸ್ಟ್ ಬಿಡಬಾರದು ಅಂತ ನಾವೆಲ್ಲ ಮೊದಲ ದಿನವೇ ಕಲಿಸುತ್ತೇವೆ. ಫಾಲ್ಕಾವ್ ಹೊಡೆದ ಎರಡನೆಯದು ಬಾಕ್ಸಿನ ಅಂಚಿನಿಂದ. 40 ವರ್ಷದ ಕೀಪರ್‌ಗೆ ಎರಡು ಗೋಲು ಬಿದ್ದಾಗಿದೆ. ಇಟಲಿ 3-2 ಮುಂದಿದೆ. ಆಟಕ್ಕೆ ಒಂದೆರಡು ನಿಮಿಷ ಬಾಕಿ.

ಎಡಗಡೆಯಿಂದ ಎಡೆರ್ ಫ್ರೀ ಕಿಕ್ ಹೊಡೆದ. ಚೆಂಡು ತಿರುಗುತ್ತಾ ಬಾಕ್ಸಿನೊಳಗೆ ಬಂತು. ಬ್ರೆಜಿಲ್ ಡಿಫೆಂಡರ್ ಆಸ್ಕರ್ ಎಲ್ಲರಿಗಿಂತ ಮೇಲೆ ಎದ್ದು ತಲೆ ಕೊಟ್ಟ. ನೆಲದ ಕಡೆಗೆ, ಮೂಲೆಗೆ, ಜೋರಾಗಿ. ಹತ್ತಿರದಿಂದ ಬರುವ ಇಂಥ ಹೆಡರ್‌ಗೆ ಕೀಪರ್‌ಗೆ ಅರ್ಧ ಸೆಕೆಂಡೂ ಸಿಗುವುದಿಲ್ಲ. ಝೋಫ್ ಬಿದ್ದರು. ಬಿದ್ದು ಚೆಂಡನ್ನು ಗೋಲ್ ಲೈನಿನ ಮೇಲೆ ನೆಲಕ್ಕೆ ಒತ್ತಿ ಹಿಡಿದುಬಿಟ್ಟರು. ಬ್ರೆಜಿಲ್‌ನವರು ಆಗಲೇ ಗೋಲು ಗೋಲು ಅಂತ ಕೈ ಎತ್ತಿದ್ದರು.

ಆ ಕ್ಷಣವನ್ನು ನಿಧಾನವಾಗಿ ನೋಡಿ. ಸಾಮಾನ್ಯವಾಗಿ ಕೀಪರ್ ಅಲ್ಲಿ ಚೆಂಡನ್ನು ಹೊರಗೆ ತಟ್ಟುತ್ತಾನೆ. ತಟ್ಟಿದರೆ ಚೆಂಡು ಮುಂದೆ ಬೀಳುತ್ತದೆ, ಸುತ್ತ ಹಳದಿ ಅಂಗಿಯವರು ನಿಂತಿದ್ದಾರೆ, ಒಬ್ಬ ಕಾಲು ಚಾಚಿದರೂ ಮುಗೀತು. ಝೋಫ್ ಹಿಡಿದರು. ಹಿಡಿದ ಮೇಲೆ ಇನ್ನೊಂದು ಅಪಾಯವಿದೆ. ಗಾಬರಿಯಲ್ಲಿ ಚೆಂಡನ್ನು ಸರಕ್ಕನೆ ತನ್ನ ಕಡೆ ಎಳೆದುಕೊಂಡರೆ, ಅದು ಒಳಗೆ ಹೋಗಿತ್ತೇನೋ, ಎಳೆದು ತಂದನೇನೋ ಅಂತ ರೆಫ್ರಿಗೆ ಅನ್ನಿಸಬಹುದು. ಝೋಫ್ ಕೈ ಇದ್ದಲ್ಲೇ ಇತ್ತು. ಚೆಂಡು ನಿಂತಲ್ಲೇ ನಿಂತಿತ್ತು. ರೆಫ್ರಿ ಅಬ್ರಹಾಂ ಕ್ಲೈನ್ ಗೋಲು ಕೊಡಲಿಲ್ಲ. ಈ ಒಂದು ಹಿಡಿತದಲ್ಲಿ ಅವರ ಇಪ್ಪತ್ತು ವರ್ಷದ ಅಭ್ಯಾಸವೆಲ್ಲ ಇದೆ ಅಂತ ನನಗೆ ಅನ್ನಿಸುತ್ತದೆ. ಎಷ್ಟು ಸಲ ನೋಡಿದರೂ ನನ್ನ ಕೈ ತನ್ನಷ್ಟಕ್ಕೆ ಮುಷ್ಟಿ ಕಟ್ಟುತ್ತದೆ.

ಮ್ಯಾಚ್ ಮುಗಿದ ಮೇಲೆ ಝೋಫ್ ಹೋಗಿ ಬೆಯಾರ್ಜೋಟ್ ಕೆನ್ನೆಗೆ ಒಂದು ಮುತ್ತು ಕೊಟ್ಟರು. ಮಾತಿಲ್ಲ. ನಾಲ್ಕು ವರ್ಷ ಜೊತೆಗೆ ನಿಂತದ್ದಕ್ಕೆ ಅಷ್ಟೇ.

ಸೆಮಿಫೈನಲ್‌ನಲ್ಲಿ ಪೋಲೆಂಡ್ ಮೇಲೆ 2-0. ಜುಲೈ 11ರಂದು ಮ್ಯಾಡ್ರಿಡ್‌ನಲ್ಲಿ ಪಶ್ಚಿಮ ಜರ್ಮನಿ ಮೇಲೆ 3-1. ವಿಶ್ವಕಪ್ ಗೆದ್ದ ಅತಿ ಹಿರಿಯ ಆಟಗಾರ ಇವತ್ತಿಗೂ ಝೋಫ್: 40 ವರ್ಷ 133 ದಿನ. ಅವರ ಕೈಗಳು ಕಪ್ ಎತ್ತಿ ಹಿಡಿದ ಚಿತ್ರವನ್ನು ಕಲಾವಿದ ರೆನಾತೊ ಗುತ್ತೂಸೊ ಬರೆದರು, ಇಟಲಿ ಅದನ್ನು ಅಂಚೆಚೀಟಿ ಮಾಡಿತು. ಕೈ ಮಾತ್ರ, ಮುಖ ಇಲ್ಲ. ಝೋಫ್‌ಗೆ ಅದೇ ಸರಿ. ವಿಮಾನದಲ್ಲಿ ವಾಪಸ್ ಬರುವಾಗ ರಾಷ್ಟ್ರಪತಿ ಪೆರ್ತಿನಿ, ಝೋಫ್, ಬೆಯಾರ್ಜೋಟ್, ಆಟಗಾರ ಕೌಸಿಯೊ ನಾಲ್ವರೂ ಇಸ್ಪೀಟು ಆಡುತ್ತಾ ಕೂತಿರುವ ಫೋಟೋ ನೀವೂ ನೋಡಿರಬಹುದು, ಮಧ್ಯದಲ್ಲಿ ವಿಶ್ವಕಪ್ ಇಟ್ಟುಕೊಂಡು. ಗೆದ್ದ ರಾತ್ರಿ ಝೋಫ್ ಮತ್ತು ಗೆಳೆಯ ಗಾಯೆತಾನೊ ಶಿರೇಯಾ ಗದ್ದಲದಿಂದ ದೂರ, ಹೋಟೆಲಿನಲ್ಲಿ ಊಟ ಮಾಡಿ, ಒಂದು ಸಿಗರೇಟು ಸೇದಿ ಮಲಗಿದರಂತೆ. ಏಳು ವರ್ಷದ ನಂತರ ಝೋಫ್ ಯುವೆಂಟಸ್ ಕೋಚ್ ಆಗಿದ್ದಾಗ ಶಿರೇಯಾ ಅವರ ಸಹಾಯಕರು. ಎದುರಾಳಿ ತಂಡವನ್ನು ನೋಡಿ ಬರಲು ಪೋಲೆಂಡಿಗೆ ಹೋದವರು ಅಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. 36 ವರ್ಷ. ನಿಮ್ಮ ಪತ್ರದಲ್ಲಿ 36 ಅಂತ ಓದಿದಾಗ ನನಗೆ ಮೊದಲು ನೆನಪಾದದ್ದು ಅದು.

ಒಂದು ವಿಷಯ ಮುಚ್ಚಿಡಬಾರದು. 1983ರ ಮೇ 25ರಂದು ಅಥೆನ್ಸ್‌ನಲ್ಲಿ ಯುರೋಪಿಯನ್ ಕಪ್ ಫೈನಲ್, ಯುವೆಂಟಸ್‌ಗೆ ಹ್ಯಾಂಬರ್ಗ್ ಎದುರಾಳಿ. 9ನೇ ನಿಮಿಷದಲ್ಲಿ ಫೆಲಿಕ್ಸ್ ಮಗಾತ್ ಬಾಕ್ಸಿನ ಹೊರಗಿನಿಂದ ಎಡಗಾಲಲ್ಲಿ ತಿರುಗಿಸಿ ಹೊಡೆದ ಚೆಂಡು 41 ವರ್ಷದ ಝೋಫ್ ಅವರನ್ನು ದಾಟಿ ಹೋಯಿತು. 1-0. ಮತ್ತೆ ದೂರದ ಶಾಟ್! ಯುರೋಪಿಯನ್ ಕಪ್ ಅವರಿಗೆ ಒಲಿಯಲೇ ಇಲ್ಲ. ಕೆಲವೇ ವಾರದಲ್ಲಿ ಆಟ ಬಿಟ್ಟರು. ಇಟಲಿಗೆ 112 ಮ್ಯಾಚ್, ಮೊದಲ ದರ್ಜೆ ಲೀಗಿನಲ್ಲಿ 570. ದೂರದ ಶಾಟ್ ಕಾಟ ಅವರಿಗೆ ಪೂರ್ತಿ ಹೋಗಲಿಲ್ಲ. ನಿಮಗೂ ಹೋಗಲಿಕ್ಕಿಲ್ಲ.

ಈಗ ನಿಮ್ಮ ಮೂರು ಗೋಲಿನ ವಿಚಾರ. ನೋಡದೆ ಹೇಳುತ್ತಿದ್ದೇನೆ, ಆದರೂ ಒಂದು ಲೆಕ್ಕ ಕೇಳಿ. ಗಂಟೆಗೆ 100 ಕಿಲೋಮೀಟರ್ ವೇಗದ ಚೆಂಡು 30 ಮೀಟರ್ ಬರಲು ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಬಡಾವಣೆ ಮ್ಯಾಚಿನಲ್ಲಿ ಅಷ್ಟು ಜೋರಾಗಿ ಹೊಡೆಯುವವರು ಕಡಿಮೆ, ಅಂದರೆ ನಿಮಗೆ ಇನ್ನೂ ಜಾಸ್ತಿ ಸಮಯ ಸಿಗುತ್ತದೆ. ಅಷ್ಟರಲ್ಲಿ ಎರಡು ಮೂರು ಹೆಜ್ಜೆ ಸರಿದು ಹಾರಬಹುದು. ವಯಸ್ಸಿನಿಂದ ಕೈ ನಿಧಾನವಾಗಿದ್ದರೆ ಅದು ಮೊದಲು ಹತ್ತಿರದ ಶಾಟಿನಲ್ಲಿ ಕಾಣಬೇಕಿತ್ತು. ನೀವು ಹತ್ತಿರದ್ದು ಬಿಟ್ಟೆ ಅಂತ ಬರೆದಿಲ್ಲ. ಹಾಗಾಗಿ ನನ್ನ ಅನುಮಾನ ಕೈ ಮೇಲಲ್ಲ, ಕಾಲಿನ ಮೇಲೆ.

ವರ್ಷ ಕಳೆದ ಹಾಗೆ ಕೀಪರ್‌ಗಳಿಗೆ ಎರಡು ಅಭ್ಯಾಸ ಬರುತ್ತದೆ. ಓಡುವುದು ತಪ್ಪಲಿ ಅಂತ ಎರಡು ಹೆಜ್ಜೆ ಮುಂದೆ ನಿಂತಿರುತ್ತಾರೆ, ಶಾಟ್ ಬಂದಾಗ ಹಿಂದೆ ಹಿಂದೆ ನಡೆಯುತ್ತಾರೆ. ಹಿಂದೆ ನಡೆಯುವಾಗ ಭಾರ ಹಿಮ್ಮಡಿ ಮೇಲೆ ಹೋಗುತ್ತದೆ, ಅಲ್ಲಿಂದ ಹಾರಲು ಆಗುವುದಿಲ್ಲ. ಎರಡನೆಯದು, ಹೊಡೆಯುವವನ ಕಾಲು ಚೆಂಡಿಗೆ ತಾಗುವ ಹೊತ್ತಿಗೆ ಇವರು ಇನ್ನೂ ನಡೆಯುತ್ತಲೇ ಇರುತ್ತಾರೆ. ಆ ಹೊತ್ತಿಗೆ ಎರಡೂ ಪಾದ ನೆಲದಲ್ಲಿ ಇರಬೇಕು, ಭಾರ ಮುಂಗಾಲಲ್ಲಿ, ಕೈ ಸೊಂಟದ ಎತ್ತರದಲ್ಲಿ. ಹುಡುಗರು ಇದನ್ನು ತಪ್ಪು ಮಾಡಿದರೂ ಚಿಮ್ಮಿ ಸರಿ ಮಾಡಿಕೊಳ್ಳುತ್ತಾರೆ. 36ರಲ್ಲಿ ಆ ಸಾಲ ಸಿಗುವುದಿಲ್ಲ.

ಕಣ್ಣನ್ನೂ ಒಮ್ಮೆ ಡಾಕ್ಟರಿಗೆ ತೋರಿಸಿ. ಝೋಫ್ ಬಗ್ಗೆ ಪತ್ರಿಕೆಯವರು ಬರೆದದ್ದು ಬೈಗುಳವಾಗಿತ್ತು. ಆದರೆ ದೂರದ ಚೆಂಡು ನಿಜವಾಗಿಯೂ ಮಸುಕಾಗಿ ಕಂಡರೆ ಯಾವ ಅಭ್ಯಾಸವೂ ನೆರವಿಗೆ ಬರುವುದಿಲ್ಲ.

ಮುಂದಿನ ಅಭ್ಯಾಸದ ದಿನ ಗೆಳೆಯರೊಬ್ಬರಿಗೆ ಗೋಲಿನ ಹಿಂದೆ ನಿಂತು ಮೊಬೈಲಿನಲ್ಲಿ ವೀಡಿಯೊ ತೆಗೆಯಲು ಹೇಳಿ. 25 ಮೀಟರಿನಿಂದ ಮೂವತ್ತು ಶಾಟ್ ಹೊಡೆಸಿ. ಮನೆಗೆ ಹೋಗಿ ಕೈ ನೋಡಬೇಡಿ, ಚೆಂಡನ್ನೂ ನೋಡಬೇಡಿ. ಒದ್ದ ಕ್ಷಣದಲ್ಲಿ ವೀಡಿಯೊ ನಿಲ್ಲಿಸಿ, ನಿಮ್ಮ ಪಾದ ಎಲ್ಲಿದೆ ಅಂತ ಮಾತ್ರ ನೋಡಿ. ಮೂವತ್ತರಲ್ಲಿ ಎಷ್ಟು ಸಲ ಎರಡೂ ಪಾದ ನೆಲದಲ್ಲಿತ್ತು ಅಂತ ಎಣಿಸಿ ನನಗೆ ಬರೆಯಿರಿ. ಆಮೇಲೆ ಮುಂದಿನ ಮಾತು ಆಡೋಣ.